ಮಾರ್ಚ್ ತಿಂಗಳ ಕೆಂಪು

ವರ್ಜಿಲ್ ಪೆಟ್ಟಿಗೆಯಿಂದ ಗಾಳಕ್ಕೆ ಕಟ್ಟುವ ಹುಸಿಮೀನೊಂದನ್ನು ಎತ್ತಿ, ಅದನ್ನು ಆಳಕ್ಕೆ ಇಳಿಸುವ ಪ್ಲಾಸ್ಟಿಕ್ ನಾಲಿಗೆಯನ್ನು ಹೆಬ್ಬೆರಳಿನಿಂದ ಸವರಿದ. "ಆರಡಿ ಆಳಕ್ಕೆ ಇಳಿಯುತ್ತೆ. ಮಾರ್ಚ್ ತಿಂಗಳ ತಣ್ಣೀರಲ್ಲಿ ಈ ಸೀಗಡಿ ಕೆಂಪು ಬಿಟ್ಟು ಬೇರೆ ಯಾವುದನ್ನೂ ಬ್ಯಾಸ್ ಮೀನು ಮೂಸಿ ಸಹ ನೋಡಲ್ಲ, ತಿಳ್ಕೊ."

ಆಳವೇನೋ ಸರಿಯೇ. ಆದರೆ ಅವನ ಕೈಯಲ್ಲಿದ್ದದ್ದು ಎಳೆ ಹಸಿರು.

ದೋಣಿಯ ಇನ್ನೊಂದು ತುದಿಯಲ್ಲಿದ್ದ ಅವನ ಹೆಂಡತಿಯ ತಮ್ಮ ಡೆಲ್ಬರ್ಟ್ ಅದನ್ನು ನೋಡಿದ. ಟೆನೆಸಿಯ ಈ ಸರೋವರದಲ್ಲಿ ಮೂವತ್ತು ವರ್ಷ ಅವನಿಗೆ ಗಾಳ ಹಾಕುವುದನ್ನು ಕಲಿಸಿದವನು ವರ್ಜಿಲ್. "ಬಣ್ಣ ಆರಿಸೋಕೂ ಕಣ್ಣು ಸಾಲದೇ ಹೋದ ದಿನ ನಾನು ನೀರಿಗೆ ಇಳಿಯಲ್ಲ," ಎಂದು ಹೋದ ವಾರವಷ್ಟೇ ಹೇಳಿದ್ದ. ಈಗ ಕೆಂಪು ಕಟ್ಟಿದ ಡೆಲ್ಬರ್ಟ್ ಒಬ್ಬನಿಗೇ ಮೀನು ಸಿಕ್ಕರೆ ಭಾವನಿಗೆ ತನ್ನ ಕಣ್ಣಿನ ಸ್ಥಿತಿ ತಿಳಿದುಹೋಗುತ್ತದೆ.

ಡೆಲ್ಬರ್ಟ್ ತನ್ನ ದಾರದಲ್ಲಿದ್ದ ಕೆಂಪು ಹುಸಿಮೀನನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ. ಪೆಟ್ಟಿಗೆಯಲ್ಲಿ ಹುಡುಕಿ, ಎಳೆ ಹಸಿರಿನದೊಂದನ್ನು ಗಂಟು ಹಾಕಿದ.

"ನೀನು ಯಾವುದು ಕಟ್ಟಿದ್ಯೋ?"

"ನಿಮ್ಮ ಬಣ್ಣದ್ದೇ, ಭಾವ."

"ಕಾಪಿ ಹೊಡಿಯೋದು ಇನ್ನೂ ಬಿಟ್ಟಿಲ್ಲ, ಕಳ್ಳ!" ಎಂದು ವರ್ಜಿಲ್ ನಗುತ್ತಾ ದೂರಕ್ಕೆ ಗಾಳ ಬೀಸಿದ.