ಹೊಸ ವರ್ಷನ್

ಕಾಯಿಲೆ ನಾಲಿಗೆಯನ್ನು ಕಟ್ಟಿಹಾಕುವ ಮೊದಲೇ ದಿವಾಕರ ತನ್ನ ದನಿಯನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ. ಈಗ ಅವನು ಒಂದೇ ಬೆರಳಿನಿಂದ ಟೈಪ್ ಮಾಡಿದ್ದನ್ನು ಒಂದು ಮುಕ್ತ ತಂತ್ರಾಂಶ ಅದೇ ದನಿಯಲ್ಲಿ ಓದುತ್ತಿತ್ತು. ಕಂಪನಿಗಳ ಸರ್ವರುಗಳನ್ನು ಅವನು ನಂಬುತ್ತಿರಲಿಲ್ಲ. ಆ ದನಿ ಇದ್ದದ್ದು ಈ ಕಂಪ್ಯೂಟರಿನಲ್ಲಿ ಮಾತ್ರ.

ಹೆಂಡತಿಯ ತಮ್ಮ, ಕಾಫಿಗಿಂತ ಮೊದಲು ಟೆಕ್ ಸುದ್ದಿ ಓದುವವನು, ಬೆಳಿಗ್ಗೆಯೇ ಬಂದು ಅದರ ಮುಂದೆ ಕೂತ.

“ಹೊಸ ವರ್ಷನ್ ಬಂದಿದೆ, ಭಾವ. ಇನ್ನೂ ಎಷ್ಟು ದಿನ ಈ ಓಬೀರಾಯನ ಕಾಲದ್ದನ್ನೇ ಇಟ್ಕೊಂಡಿರ್ತೀರಿ?”

ಕೀಬೋರ್ಡ್ ಭಾವಮೈದುನನ ತೊಡೆಯ ಮೇಲಿತ್ತು. ಬೇಡವೆನ್ನಲು ದಿವಾಕರನ ಬೆರಳು ಗಾಳಿಯಲ್ಲಿ ತಡಕಾಡಿತು.

“ಅವಸರ ಮಾಡ್ಬೇಡಿ, ಕೊಡ್ತೀನಿ.” ಸ್ವಲ್ಪ ಹೊತ್ತಿನ ಮೇಲೆ ಅವನು ಕೀಬೋರ್ಡನ್ನು ದಿವಾಕರನ ಮುಂದಿಟ್ಟ. “ಹಳೇ ಕಸ ಎಲ್ಲ ಅಳಿಸಿ ಹೊಸದಾಗೇ ಹಾಕಿದೀನಿ. ಹೇಗೆ ಓಡುತ್ತೆ ನೋಡಿ! ಹ್ಞಾಂ, ಈಗ ಏನಾದ್ರೂ ಹೇಳಿ.”

ದಿವಾಕರ ನಿಧಾನವಾಗಿ ಹೆಂಡತಿಯ ಹೆಸರನ್ನು ಟೈಪ್ ಮಾಡಿದ.

“ವಾರಿಜಾ,” ಎಂದಿತು ಕಂಪ್ಯೂಟರು.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಬಂದು ನೇರವಾಗಿ ಬೀದಿಬಾಗಿಲ ಕಡೆ ನಡೆದಳು.

“ಯಾರದು, ನನ್ನ ಹೆಸರು ಹಿಡಿದು ಕೂಗ್ತಿರೋದು?”