ಕೋಣನ ಉಸಿರು

“ಅಣ್ಣ, ಕೋಣ ಇದೆಯಾ?” ಸ್ಕೂಟರಿಗೆ ಸ್ಟ್ಯಾಂಡ್ ಹಾಕುವ ಮೊದಲೇ ಮಹದೇವಸ್ವಾಮಿ ಕೇಳಿಬಿಟ್ಟ.

ಚಿನಕುರಳಿಯ ಬ್ಯಾಂಡ್‌ಸೆಟ್ಟಿನ ಕರಿಯಯ್ಯ ಜಗಲಿಯ ಮೇಲೆ ಸ್ಯಾಕ್ಸೊಫೋನ್ ಒರೆಸುತ್ತಿದ್ದವನು ತಲೆಯೆತ್ತಿದ. “ಯಾರ್ಲಾ ಅದು? ಅಯ್ಯೋ ಸ್ವಾಮಿ! ಲೇ ಪುಟ್ಟಲಕ್ಷ್ಮಿ, ಬಾ ಇಲ್ಲಿ. ಮೂವತ್ತು ವರ್ಸ ಆದ್ಮೇಲೆ ಬಂದವ್ನೆ, ಚೆನ್ನಾಗಿದ್ದೀಯಾ ಅಂತ ಕೇಳದ್ ಬುಟ್ಟು ಕೋಣನ್ನ ಇಚಾರಿಸ್ತಾವ್ನೆ ನೋಡು!”

ಕೋಣ ಎಂದರೆ ಕೊಟ್ಟಿಗೆಯ ಕೋಣ ಅಲ್ಲ. ಮಹದೇವಸ್ವಾಮಿ ಇಪ್ಪತ್ತೆರಡನೇ ವಯಸ್ಸಿನಲ್ಲಿ ಈ ಬ್ಯಾಂಡಿನ ದೊಡ್ಡ ಡ್ರಮ್ಮಿನ ಮೇಲೆ ಬರೆದ ಕೋಣ. ಅರ್ಧ ಕಣ್ಣು ಮುಚ್ಚಿ, ಒಂದು ಕಾಲು ಎತ್ತಿ, ಸ್ಯಾಕ್ಸೊಫೋನ್ ಬಾಯಿಗಿಟ್ಟು ನಿಂತದ್ದು. ಆಗ ಅವನು ಪಾಂಡವಪುರದಲ್ಲಿ ಬೆಲ್ಲದ ಡಬ್ಬಿಗೂ ಸೋಡಾ ಅಂಗಡಿಗೂ ಲೇಬಲ್ಲು, ಬೋರ್ಡು ಬರೆದುಕೊಂಡಿದ್ದ. ತಲೆತುಂಬ ಎರಡೇ ಹುಚ್ಚು, ವ್ಯಂಗ್ಯಚಿತ್ರ ಮತ್ತು ಜಾಝ್. ಎರಡನ್ನೂ ಒಟ್ಟಿಗೆ ಆ ಡ್ರಮ್ಮಿನ ಮೇಲೆ ಇಳಿಸಿಬಿಟ್ಟಿದ್ದ.

ಆಮೇಲೆ ಮೂವತ್ತು ವರ್ಷ ಆನಿಮೇಶನ್ ಕಂಪನಿಯ ಕೆಲಸ. ಟೂತ್‌ಪೇಸ್ಟಿಗೆ ಕುಣಿಯುವ ಹಲ್ಲು, ಬಿಸ್ಕತ್ತಿಗೆ ಓಡುವ ಮೊಲ, ಲೆಕ್ಕವಿಲ್ಲದಷ್ಟು ಬರೆದ. ಕಂಪನಿ ಹೊಸ ಕಟ್ಟಡಕ್ಕೆ ಹೋಗುವಾಗ ಅವನ ಚಿತ್ರಗಳ ಪೆಟ್ಟಿಗೆಗಳನ್ನೆಲ್ಲ ಗುಜರಿಗೆ ಹಾಕಿತು. ಒಂದು ಮಾತು ಕೇಳಲಿಲ್ಲ. ಅಂದಿನಿಂದ ಶ್ರೀರಂಗಪಟ್ಟಣದ ಮನೆಯಲ್ಲಿ ಅವನ ಪೆನ್ಸಿಲ್ ಡಬ್ಬ ಅಟ್ಟ ಸೇರಿದೆ. ಎರಡು ವರ್ಷದಿಂದ ಒಂದು ಗೆರೆ ಎಳೆದಿಲ್ಲ. ತನ್ನ ಕೈಯಿಂದ ಆದದ್ದು ಒಂದಾದರೂ ಈ ಭೂಮಿ ಮೇಲೆ ಉಳಿದಿದೆಯೇ ಎಂದು ಕಣ್ಣಾರೆ ನೋಡಬೇಕಿತ್ತು, ಅಷ್ಟೇ.

“ಅದೆ ಕಣ್ಲಾ. ಒಂದಲ್ಲ, ಒಂಬತ್ತು ಅವೆ,” ಎಂದ ಕರಿಯಯ್ಯ. ಅವನ ಹೆಂಡತಿ ಪುಟ್ಟಲಕ್ಷ್ಮಮ್ಮ ಒಳಗಿನಿಂದ ಡ್ರಮ್ಮಿನ ಹಳೇ ಚರ್ಮಗಳ ಅಟ್ಟಿಯನ್ನೇ ಹೊತ್ತು ತಂದಳು. ಪ್ಲಾಸ್ಟಿಕ್ಕಿನವೇ, ಆದರೂ ಬ್ಯಾಂಡಿನವರ ಬಾಯಲ್ಲಿ ಅದು ಚರ್ಮವೇ. “ಮೂರ್ನಾಕು ವರ್ಸಕ್ಕೊಂದು ಅರ್ದೋಯ್ತದೆ ಸ್ವಾಮಣ್ಣ. ಒಸಾದು ತಂದಾಗೆಲ್ಲಾ ಹಳೇದ್ರ ಮ್ಯಾಲಿಟ್ಟು, ಬಿಸ್ಲಿಗೆ ಹಿಡ್ದು, ಕಾಣೋ ಗೆರೆ ಮ್ಯಾಲೇ ಗೆರೆ ಎಳ್ದೆ. ಕೋಣ ಇಲ್ದಿದ್ರೆ ಮದ್ವೆಯೋರು ಒಪ್ಪಕಿಲ್ಲ. ಕೆ.ಆರ್. ಪೇಟೆಯಿಂದ ನಾಗಮಂಗಲದ ಗಂಟ ಕೋಣನ್ ಬ್ಯಾಂಡು ಅಂತ್ಲೇ ಎಸ್ರು,” ಎಂದಳು.

ಮಹದೇವಸ್ವಾಮಿ ಬೆಪ್ಪಾದ. ಗಾಜಿನ ಕೆಳಗೆ ದೀಪ ಹಚ್ಚಿ, ಹಾಳೆಯ ಮೇಲೆ ಹಾಳೆ ಇಟ್ಟು ಗೆರೆ ಎಳೆಯುವುದನ್ನು ಕಲಿಯಲು ಅವನಿಗೆ ಕಂಪನಿಯಲ್ಲಿ ಆರು ತಿಂಗಳು ಹಿಡಿದಿತ್ತು. ಆದರೆ ಒಂದೊಂದೇ ಚರ್ಮ ಎತ್ತಿ ನೋಡಿದಂತೆ ಮುಖ ಸಪ್ಪಗಾಯಿತು. ಕಾಲಿನ ಹತ್ತಿರ ಹರಿದಿದ್ದ ತಳದ್ದು ಮಾತ್ರ ಅವನದು. ಮಿಕ್ಕ ಎಂಟರಲ್ಲಿ ಒಂದು ಇನ್ನೊಂದರಂತಿಲ್ಲ.

“ಅತ್ಗೆ, ನಾನು ಬರ್ದಿದ್ದು ಈ ಕೆನ್ನೆ ಅಲ್ಲ. ಎದೇನೂ ಇಷ್ಟು ದಪ್ಪ ಇರ್ಲಿಲ್ಲ.”

“ನಾನೇನು ಓದಿ ಕಲ್ತೋಳಾ? ಗೆರೆ ಎಳೀವಾಗ ಇವ್ರು ಎದ್ರುಗೇ ಕೂತ್ಕಂಡು ಊದೋರು. ಕಣ್ಣು ಅತ್ಲಾಗೆ ಓಯ್ತಿತ್ತು, ಕೈ ಇತ್ಲಾಗೆ ಎಳೀತಿತ್ತು,” ಎಂದು ನಾಚಿಕೊಂಡಳು. “ಈಗ ಕಣ್ಗೆ ಪೊರೆ ಬಂದದೆ. ಭಾನುವಾರ ಹೊಸಹೊಳಲಲ್ಲಿ ಮದ್ವೆ. ಒಸಾ ಚರ್ಮ ಬೋಳಾಗೇ ಕೂತದೆ.”

“ಬಂದಿದ್ದೀಯಲ್ಲ, ಬರ್ದ್‌ಕೊಟ್ಟೋಗ್ಲಾ,” ಎಂದ ಕರಿಯಯ್ಯ.

“ಇಲ್ಲಣ್ಣ, ಬರೆಯೋದು ಬುಟ್ಬುಟ್ಟೆ. ನನ್ನ ಹಳೇದು ಕೊಡಿ ಸಾಕು, ಹೋಗ್ತೀನಿ.”

ಕರಿಯಯ್ಯ ಬಲವಂತ ಮಾಡಲಿಲ್ಲ. “ನೀನು ಕೊಟ್ಟಿದ್ದ ಜಾಝ್ ಕ್ಯಾಸೆಟ್ಟು ಸವದೋಗ ಗಂಟ ಕೇಳ್ದೆ ಕಣ್ಲಾ. ಧಾರೆ ಒತ್ನಲ್ಲಿ ಅದ್ನ ಊದುದ್ರೆ ಒದ್ದು ಕಳುಸ್ತಾರೆ, ಅದ್ಕೆ ಬೀಗ್ರೂಟದಲ್ಲಿ ಊದ್ತಿದ್ದೆ. ಮೂಳೆ ಕಡಿಯೋ ಗಲಾಟೇಲಿ ಯಾರ್ಗೂ ಗೊತ್ತಾಯ್ತಿರ್ನಿಲ್ಲ.” ಹಾಗೆಂದವನೇ ಊದತೊಡಗಿದ. ರಾಗ ದಾರಿ ತಪ್ಪಿಸಿಕೊಂಡು, ಹೊಲ ಬದು ಎಲ್ಲ ಸುತ್ತಿ, ಕೊನೆಗೆ ಮನೆಗೇ ಬಂದು ಸೇರಿತು.

ಆ ರಾಗಕ್ಕೋ ಏನೋ, ಮಹದೇವಸ್ವಾಮಿಯ ಕೈ ತನ್ನಷ್ಟಕ್ಕೆ ಹಳೇ ಕೆಲಸಕ್ಕೆ ಇಳಿಯಿತು. ಇಟ್ಟಿಗೆ ಚೂರಿನಿಂದ ನೆಲಕ್ಕೊಂದು ಗುರುತು ಹಾಕಿದ. ಒಂಬತ್ತು ಚರ್ಮಗಳನ್ನೂ ಹಳೆಯದರಿಂದ ಹಿಡಿದು ಒಂದಾದ ಮೇಲೊಂದು ಅದೇ ಗುರುತಿನಲ್ಲಿ ಗೋಡೆಗೆ ಒರಗಿಸಿ, ಅಲ್ಲಾಡದಂತೆ ನಿಂತು ಮೊಬೈಲಿನಲ್ಲಿ ಫೋಟೋ ಹಿಡಿದ. ಜಗಲಿಯ ಮೇಲೆ ಕೂತು ಒಂದರ ಹಿಂದೊಂದು ಜೋಡಿಸಿ ಓಡಿಸಿದ.

ಕೋಣ ಅಲ್ಲಾಡಿತು. ಎದೆ ಮೇಲೆದ್ದಿತು, ಕೆನ್ನೆ ಉಬ್ಬಿತು, ಅರ್ಧ ಮುಚ್ಚಿದ್ದ ಕಣ್ಣು ಅಗಲವಾಗಿ ತೆರೆಯಿತು. ಅಲ್ಲಿಗೆ ನಿಂತುಹೋಯಿತು.

“ಅಬ್ಬಾ! ನಂದೇ ಮೊಕ ಕಣ್ಲಾ ಅದು! ಮುಗೀತಾ? ಇಷ್ಟೇಯಾ?” ಎಂದು ಕರಿಯಯ್ಯ ಫೋನಿಗೆ ಬಾಗಿದ.

“ಒಂಬತ್ತು ಚಿತ್ರಕ್ಕೆ ಇಷ್ಟೇ ಅಣ್ಣ. ಒಂದು ಸೆಕೆಂಡೂ ಇಲ್ಲ.” ಹೇಳುತ್ತಲೇ ಮಹದೇವಸ್ವಾಮಿ ಅದನ್ನು ಮತ್ತೊಮ್ಮೆ ಓಡಿಸಿದ. ಮೂವತ್ತು ವರ್ಷದಲ್ಲಿ ಅವನು ಕುಣಿಸಿದ ಯಾವ ಹಲ್ಲೂ ಯಾವ ಮೊಲವೂ ಹೀಗೆ ಜೀವ ತಳೆದಿರಲಿಲ್ಲ.

ಪುಟ್ಟಲಕ್ಷ್ಮಮ್ಮ ಪೊರೆಗಣ್ಣಿನ ಹತ್ತಿರಕ್ಕೆ ಫೋನ್ ಹಿಡಿದು ಮತ್ತೆ ಮತ್ತೆ ನೋಡಿದಳು. ಆಮೇಲೆ ಒಳಗೆ ಹೋಗಿ ಬೋಳು ಚರ್ಮ, ಕರಿ ಪೇಂಟು, ಬ್ರಶ್ಶು ತಂದು ಅವನ ಮುಂದಿಟ್ಟಳು.

“ಆಗ್ನಿಂದ ಬರೀ ಉಸ್ರು ಎಳ್ಕಂಡೇ ನಿಂತದೆ, ಪಾಪ. ಇನ್ನಾರ ಊದಕ್ ಬುಡಪ್ಪ ಅದ್ನ.”