ಶನಿವಾರದ ಕಡಲೆಕಾಯಿ

"ನಮ್ಮವ್ವ ಇಂಗೆ ಉಪವಾಸ ಮಾಡಿ ಮಾಡಿ ಒಂದಿನ ಸತ್ತೋಗ್ತಾಳೆ. ನೀವು ನೋಡ್ಕಂಡು ಕುಂತಿರಿ!" ಅಶ್ವತ್ಥಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳ ಗಂಡ ಸಂಜೀವಯ್ಯ ಮಧುಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬರಗೂರಿನಿಂದ ಮಗಳ ಮನೆಗೆ ಬಂದಿದ್ದ ಲಕ್ಕಮ್ಮ ಆ ಶನಿವಾರವೂ ಜಗಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮಗಳು ಹುಟ್ಟಿದಾಗ ಸೀಬಿ ನರಸಿಂಹಸ್ವಾಮಿಗೆ ಹೊತ್ತ ಹರಕೆ ಅವಳದು: ಶನಿವಾರ ಮುದ್ದೆ ಮುಟ್ಟುವುದಿಲ್ಲ. ಹೊಟ್ಟೆ ಚುರುಗುಟ್ಟಿದಾಗೆಲ್ಲ ಒಂದು ಬೊಗಸೆ ಕಾಯಿ, ಒಂದು ತುಂಡು ಬೆಲ್ಲ, ಅಷ್ಟೇ.

ಹೆಂಡತಿಯ ಕಣ್ಣೀರು ಕಂಡರೆ ಸಂಜೀವಯ್ಯನಿಗೆ ಕೈಕಾಲೇ ಆಡುತ್ತಿರಲಿಲ್ಲ. ಮಧ್ಯಾಹ್ನ ಶಾಲೆಯಿಂದ ಬರುವಾಗ ಶಾಖ ಅಳೆಯುವ ಕ್ಯಾಲೊರಿಮೀಟರ್ ಎಂಬ ತಾಮ್ರದ ಪುಟ್ಟ ಪಾತ್ರೆ, ಥರ್ಮಾಮೀಟರು, ಸಣ್ಣ ತಕ್ಕಡಿ ಎಲ್ಲವನ್ನೂ ತಂದು ಪಡಸಾಲೆಯಲ್ಲಿ ಹರಡಿದ. ಪಾತ್ರೆಗೆ ನೀರು ಹೊಯ್ದು ಥರ್ಮಾಮೀಟರು ಇಳಿಬಿಟ್ಟ. ಒಂದು ಕಡಲೆಬೀಜವನ್ನು ತೂಗಿ, ಸೂಜಿಗೆ ಚುಚ್ಚಿ, ಬೆಂಕಿ ತಾಗಿಸಿ ಪಾತ್ರೆಯ ಅಡಿಗೆ ಹಿಡಿದ. ಬೀಜ ಎಣ್ಣೆದೀಪದ ಹಾಗೆ ಒಂದೇ ಸಮನೆ ಉರಿಯಿತು. ಪಾದರಸ ಸರಸರನೆ ಮೇಲೇರಿತು. ಬೇರೆ ನೀರು ಹಾಕಿ, ಅಷ್ಟೇ ತೂಕದ ಒಣಗಿದ ರಾಗಿ ರೊಟ್ಟಿಯ ಚೂರು ಹಿಡಿದ. ಅದು ಮುನಿಸಿಕೊಂಡೇ ಉರಿಯಿತು. ಪಾದರಸ ಅರ್ಧ ದಾರಿಗೇ ನಿಂತಿತು.

"ಉಣ್ಣೋದನ್ನ ಸುಡ್ತೀಯಲ್ಲಪ್ಪ, ನಿಂಗೇನು ಬಂತು?" ಲಕ್ಕಮ್ಮ ಎದ್ದು ಬಂದಳು.

"ಇದರಲ್ಲಿ ಎಷ್ಟು ಶಾಖ ಐತೋ ಅಷ್ಟೇ ಶಕ್ತಿ ಮೈಗೆ, ಅತ್ತೆ. ರೊಟ್ಟಿಯೇ ಹಿಂಗಾದ್ರೆ, ನೀರು ಕುಡಿದ ಮುದ್ದೆ ಇನ್ನೂ ಕಡಿಮೆ. ಶನಿವಾರ ನೀವು ತಿನ್ನೋ ಕಾಯಿ ನನ್ನ ಎರಡು ಹೊತ್ತಿನ ಊಟಕ್ಕೆ ಸಮ!"

ಅಶ್ವತ್ಥಮ್ಮ ಅಳು ಮರೆತು ಪಕಪಕನೆ ನಕ್ಕಳು. ಸಂಜೀವಯ್ಯನೂ ಬೀಗಿದ. ಲಕ್ಕಮ್ಮ ಮಾತ್ರ ನಗಲಿಲ್ಲ. ಬಾಯಲ್ಲಿದ್ದ ಬೀಜವನ್ನು ಅಂಗೈಗೆ ಉಗಿದು ನೋಡಿದಳು. "ಅಂಗಾದ್ರೆ ಇಷ್ಟು ವರ್ಷ ಸ್ವಾಮಿಗೆ ಮೋಸ ಮಾಡ್ಬುಟ್ನಾ?" ಎಂದವಳು ಕಡಲೆಕಾಯಿಯ ಮೊರವನ್ನು ಒಳಗಿಟ್ಟು ಬಂದಳು.

ಮುಂದಿನ ಶನಿವಾರ ಅವಳು ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ಗೋಡೆಗೆ ಒರಗಿಬಿಟ್ಟಳು. ಅಶ್ವತ್ಥಮ್ಮ ಗಂಡನನ್ನು ಬಾಗಿಲಲ್ಲೇ ತಡೆದಳು. "ಚೆನ್ನಾಗಿದ್ದೋಳ್ನ ಕೆಡಿಸ್ಬುಟ್ರಿ. ಲೆಕ್ಕ ತಪ್ಪಾಗಿತ್ತು ಅಂತ ಒಂದು ಮಾತು ಹೇಳ್ರಿ, ನಿಮ್ಮ ಗಂಟೇನು ಹೋಗ್ತದೆ?"

ಸಂಜೀವಯ್ಯ ಅತ್ತೆಯ ಮುಂದೆ ಹೋಗಿ ನಿಂತ. ಬಾಯಿ ತೆರೆದ. ಸುಳ್ಳು ಹೊರಡಲಿಲ್ಲ. ಸುಮ್ಮನೆ ಅವಳ ಪಕ್ಕದಲ್ಲಿ ಕುಕ್ಕರಿಸಿದ. "ನರಸಿಂಹಸ್ವಾಮಿ ಆಣೆ, ನೀವು ತಿನ್ನೋವರೆಗೂ ನಾನೂ ಏನೂ ತಿನ್ನಲ್ಲ."

ಊಟ ಅರ್ಧ ಗಳಿಗೆ ತಡವಾದರೂ ಮುಖ ಬಾಡಿಸಿಕೊಳ್ಳುವ ಅಳಿಯ ಅವನು. ಒಳಗಿನಿಂದ ಅವರೆಕಾಳು ಸಾರಿನ ಒಗ್ಗರಣೆಯ ಘಮ ಬಂತು. ಸಂಜೀವಯ್ಯ ಕಣ್ಣು ಮುಚ್ಚಿದ. ಬಿಸಿಲು ಜಗಲಿ ಬಿಟ್ಟು ಅಂಗಳಕ್ಕಿಳಿಯಿತು. ಅವನ ಹೊಟ್ಟೆ ಒಮ್ಮೆ ಗುರುಗುಟ್ಟಿತು, ಮತ್ತೊಮ್ಮೆ ಇನ್ನೂ ಜೋರಾಗಿ. ಲಕ್ಕಮ್ಮನ ತುಟಿಯಂಚು ಅದುರಿತು.

"ಏನಪ್ಪ, ಅವತ್ತು ಬೀಜ ಸುಟ್ಟಾಗ ಬಂದಿದ್ದು ಏನಂದೆ?"

"ಶಾಖ, ಅತ್ತೆ," ಎಂದ ಅವನು, ಸೋತ ದನಿಯಲ್ಲಿ.

ಲಕ್ಕಮ್ಮ ಮೊಣಕಾಲಿಗೆ ಕೈಯೂರಿ ಎದ್ದು, ಒಳಗಿನಿಂದ ಕಡಲೆಕಾಯಿಯ ಮೊರ ಹೊತ್ತು ತಂದಳು. "ನಾನು ಸ್ವಾಮಿಗೆ ಬುಡ್ತೀನಿ ಅಂದಿದ್ದು ಮುದ್ದೆ. ಶಾಖ ಬುಡ್ತೀನಿ ಅಂತ ಯಾವತ್ತೂ ಅಂದಿಲ್ಲ ಕಣಪ್ಪ," ಎಂದು ಒಂದು ಕಾಯಿಯನ್ನು ಟಪ್ಪನೆ ಒಡೆದು ಬಾಯಿಗೆ ಹಾಕಿಕೊಂಡಳು.

ಸಂಜೀವಯ್ಯನಿಗೆ ಹೋದ ಜೀವ ಬಂದಂತಾಯಿತು. "ಲೇ, ತಟ್ಟೆ ಹಾಕು!" ಎಂದು ಕೂಗುತ್ತ ಅಡುಗೆಮನೆಗೆ ಧಾವಿಸಿದ. ಹಿಂದಿನಿಂದ ಲಕ್ಕಮ್ಮ ಅವನ ಪಂಚೆಯ ಅಂಚು ಹಿಡಿದಳು.

"ಎಲ್ಲಿಗೋ? ಸ್ವಾಮಿ ಹೆಸರೇಳಿ ನನ್ನ ಜೊತೆ ಉಪವಾಸ ಕುಂತೋನು ನೀನು. ಇವತ್ತು ನಿಂಗೂ ಮುದ್ದೆ ಇಲ್ಲ. ಕುತ್ಕೋ, ಬಿಡಿಸು."

ಒಳಗೆ ಅಶ್ವತ್ಥಮ್ಮ ನಗು ತಡೆಯಲಾರದೆ ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿದಳು.